ಸಂಪಾದಕೀಯದ ಇಂಗ್ಲಿಷು, ಕರ್ತೃವಿಲ್ಲದ ವಾಕ್ಯ

ಇಂಗ್ಲಿಷು ಬರಬೇಕಾದರೆ ದಿನಾ ಇಂಗ್ಲಿಷ್ ಪೇಪರು ಓದಬೇಕು. ರಾಜಕೀಯ ಸುದ್ದಿ, ಸಂಪಾದಕೀಯ, ಅಂಕಣ ಒಂದನ್ನೂ ಬಿಡಬಾರದು. ಗೊತ್ತಿಲ್ಲದ ಪದಕ್ಕೆ ಅಡಿಗೆರೆ ಎಳೆದು ಡಿಕ್ಷನರಿ ನೋಡಬೇಕು. ಕಾಲೇಜಿನ ಮೇಷ್ಟ್ರು, ಪರೀಕ್ಷೆಯ ಗೈಡು, ಕೋಚಿಂಗ್ ಸೆಂಟರು ಎಲ್ಲ ಒಂದೇ ಬಾಯಲ್ಲಿ ಹೇಳುವ ಮಾತಿದು. ಹಾಸ್ಟೆಲಿನಲ್ಲಿ ಒಂದು ಪೇಪರಿಗೆ ಹತ್ತು ಕೈ ಬೀಳುವುದು ಇದಕ್ಕೇ.

ಮಾತು ಸುಳ್ಳಲ್ಲ. ಇಂಗ್ಲಿಷು ಬೇಡ ಅಂತ ನಾವು ಹೇಳುತ್ತಿಲ್ಲ. ಮೂರು ತಲೆಮಾರಿನಿಂದ ಅದನ್ನು ಉಂಡು ತೇಗಿದವರು ಹಾಗೆ ಹೇಳಬಹುದು. ಹೆಬ್ಬೆಟ್ಟು ಒತ್ತಿದ ಅಪ್ಪಂದಿರ ಮಕ್ಕಳಾದ ನಮಗೆ ಆ ಸೌಭಾಗ್ಯವಿಲ್ಲ. ಹೈಕೋರ್ಟಿನ ತೀರ್ಪು, ದೆಹಲಿಯ ಫೈಲು, ಬಾಬಾಸಾಹೇಬರ ದೊಡ್ಡ ಗ್ರಂಥಗಳು ಇರುವುದು ಆ ಭಾಷೆಯಲ್ಲೇ. ನಮ್ಮ ತಕರಾರು ಬೇರೆ. ಪೇಪರು ಬರೀ ಪದ ಕಲಿಸುವುದಿಲ್ಲ. ಪದದ ಜೊತೆಗೆ ಲೋಕ ನೋಡುವ ಕಣ್ಣನ್ನೂ ಕೊಡುತ್ತದೆ. ಆ ಕಣ್ಣು ಯಾರದು?

ವ್ಯಾಕರಣದಿಂದಲೇ ಶುರುಮಾಡೋಣ. 'ದಲಿತ್ಸ್ ವರ್ ಅಟ್ಯಾಕ್ಡ್', ಅಂದರೆ ದಲಿತರು ಹಲ್ಲೆಗೊಳಗಾದರು. 'ಹೌಸಸ್ ವರ್ ಬರ್ನ್ಟ್', ಅಂದರೆ ಮನೆಗಳು ಸುಡಲ್ಪಟ್ಟವು. ಇಂಥ ವಾಕ್ಯದಲ್ಲಿ ಹೊಡೆತ ತಿಂದವನಿದ್ದಾನೆ, ಹೊಡೆದವನಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಪ್ಯಾಸಿವ್ ವಾಯ್ಸ್ ಅಂತ ಅಂಕ ಸಿಗುತ್ತದೆ. ಕನ್ನಡ ಪಂಡಿತರು ಕರ್ಮಣಿ ಪ್ರಯೋಗ ಅನ್ನುತ್ತಾರೆ. ನಮ್ಮ ಹಟ್ಟಿಯ ಅವ್ವಂದಿರ ಬಾಯಲ್ಲಿ ಈ ಪ್ರಯೋಗ ಹೊರಳುವುದಿಲ್ಲ. 'ಮನೆ ಸುಟ್ಟಾಕಿದ್ರು ಕಣಪ್ಪೋ' ಅನ್ನುತ್ತಾರೆ. ಹೆಸರು ಹೇಳಲು ಹೆದರಿದರೂ ಆ 'ಸುಟ್ಟಾಕಿದ್ರು' ಅನ್ನುವ ಮಾತಿನ ಬಾಲದಲ್ಲೇ ಸುಟ್ಟವರು ಸಿಕ್ಕಿಬಿದ್ದಿರುತ್ತಾರೆ. ಯಾರು ಅಂತ ಕೇಳಲೇಬೇಕಾಗುತ್ತದೆ. 'ಸುಡಲ್ಪಟ್ಟವು' ಅಂದರೆ ಕೇಳುವ ದರ್ದೇ ಇಲ್ಲ.

ಇದು ವ್ಯಾಕರಣದ ಜಗಳ ಮಾತ್ರ ಅಂದುಕೊಳ್ಳಬೇಡಿ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ಮಾತು ಬದಲಿಸಿದರು. 2006ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಉಂಟು, ಸುಟ್ಟವರಿಲ್ಲ. ಕರ್ತೃವಿಲ್ಲದ ವಾಕ್ಯ ಓದಿ ಓದಿ ರೂಢಿಯಾದ ಜನಕ್ಕೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಇನ್ನು ಅಂಕಣಗಳ ಪದಸಂಪತ್ತು. 'ಮೆರಿಟ್' ಅನ್ನುವ ಪದಕ್ಕೆ ಡಿಕ್ಷನರಿ ಯೋಗ್ಯತೆ ಅನ್ನುತ್ತದೆ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಮಂಡಲ್ ವರದಿ ಜಾರಿಗೆ ತರುತ್ತೇವೆ ಅಂದಾಗ ಇಂಗ್ಲಿಷ್ ಅಂಕಣಗಳಲ್ಲಿ ಆ ಪದ ಇನ್ನೊಂದು ಅರ್ಥ ಪಡೆಯಿತು: ಮೀಸಲಾತಿಯಿಂದ ಬಂದವನಲ್ಲಿ ಇಲ್ಲದ್ದು. 2019ರಲ್ಲಿ ಮೇಲ್ಜಾತಿಯ ಬಡವರಿಗೆ ಶೇ. 10 ಮೀಸಲಾತಿ ಕೊಟ್ಟಾಗ, ಮೆರಿಟ್ ಸತ್ತಿತು ಅನ್ನುವ ಆ ಗೋಳು ಅಷ್ಟು ಜೋರಾಗಿ ಕೇಳಲಿಲ್ಲ. ಡಿಕ್ಷನರಿಯಲ್ಲಿಲ್ಲದ ಈ ಅರ್ಥವನ್ನು ನಮ್ಮ ಹುಡುಗ ಗೊತ್ತಿಲ್ಲದೆ ನುಂಗುತ್ತಾನೆ. ಬಾಯಿಪಾಠ ಮಾಡಿ, ತನ್ನ ವಿರುದ್ಧದ ವಾದವನ್ನೇ ಪ್ರಬಂಧದಲ್ಲಿ ಚಂದದ ಇಂಗ್ಲಿಷಿನಲ್ಲಿ ಬರೆದು ಬರುತ್ತಾನೆ.

ಬರೆಯುವ ಕೈ ಯಾರದು ಅಂತ ನೋಡಿದರೆ ಇದು ಅರ್ಥವಾಗುತ್ತದೆ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳನ್ನು ಎಣಿಸಿದವು. 106ರಲ್ಲಿ ಮೇಲ್ಜಾತಿಯವರಿದ್ದರು. ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ. 1999ರಲ್ಲಿ ದಿ ಪಯೊನೀರ್ ಪತ್ರಿಕೆಯಲ್ಲಿ ಚಂದ್ರಭಾನ್ ಪ್ರಸಾದ್ 'ದಲಿತ್ ಡೈರಿ' ಅಂಕಣ ಶುರುಮಾಡಿದ್ದೇ ಒಂದು ಸುದ್ದಿಯಾಯಿತು ಅಂದರೆ ಉಳಿದ ಪುಟಗಳ ಜಾತಿ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಪೇಪರನ್ನು ಒಲೆಗೆ ಹಾಕೋಣವೇ? ಬೇಡ. ಓದುವುದು ಹೇಗೆಂದು ಬಾಬಾಸಾಹೇಬರು ತೋರಿಸಿಕೊಟ್ಟಿದ್ದಾರೆ. 1936ರ 'ಅನಿಹಿಲೇಷನ್ ಆಫ್ ಕ್ಯಾಸ್ಟ್'ನಲ್ಲಿ ಅವರು 1928ರ ಜನವರಿ 4ರ ಟೈಮ್ಸ್ ಆಫ್ ಇಂಡಿಯಾದ ಒಂದು ವರದಿ ಎತ್ತಿಕೊಳ್ಳುತ್ತಾರೆ. ಇಂದೋರ್ ಕಡೆಯ ಬಲಾಯಿಗಳು ಜರಿಯಂಚಿನ ಪೇಟ ಸುತ್ತಬಾರದು, ಬಣ್ಣದಂಚಿನ ಪಂಚೆ ಉಡಬಾರದು, ಅವರ ಹೆಂಗಸರು ಬೆಳ್ಳಿಬಂಗಾರ ತೊಡಬಾರದು ಅಂತ ವಿಧಿಸಿದ ಕಟ್ಟಳೆಯ ಸುದ್ದಿ. ಗಮನಿಸಿ: ಕಟ್ಟಳೆ ಹಾಕಿದ ಜಾತಿಗಳ ಹೆಸರು, ಹಳ್ಳಿಗಳ ಹೆಸರು, ಪಟೇಲ ಪಟವಾರಿಗಳೂ ಸೇರಿದ್ದರೆಂಬ ಮಾತು ಎಲ್ಲ ಅದರಲ್ಲಿದೆ. ಅಂದರೆ ಕರ್ತೃವನ್ನು ಹೇಳಲು ಇಂಗ್ಲಿಷಿಗೆ ಬರುತ್ತದೆ, ಬರೆಯುವವನಿಗೆ ಮನಸ್ಸಿರಬೇಕು. ಆ ವರದಿಯನ್ನೇ ಸಾಕ್ಷಿಯಾಗಿ ಹಿಡಿದು, ನಿಮಗೆ ರಾಜಕೀಯ ಅಧಿಕಾರಕ್ಕೆ ಅರ್ಹತೆಯಿದೆಯೇ ಅಂತ ಅವರು ಕೇಳಿದರು.

ಗೆಳೆಯರೇ, ಪೇಪರು ಓದುವಾಗ ಪೆನ್ಸಿಲ್ ಹಿಡಿಯಿರಿ, ಆದರೆ ಕಷ್ಟಪದಕ್ಕೆ ಮಾತ್ರ ಗೆರೆ ಎಳೆಯಬೇಡಿ. ಪ್ಯಾಸಿವ್ ವಾಕ್ಯವನ್ನು ಆಕ್ಟಿವ್ ಮಾಡಿ. ಕರ್ತೃ ಸಿಗದಿದ್ದರೆ ಆ ಜಾಗದಲ್ಲಿ 'ಹೂ?' ಅಂತ ಬರೆಯಿರಿ. ಅಂಕಣಕಾರ 'ವಿ' ಅಂದಲ್ಲೆಲ್ಲ ಆ 'ನಾವು' ಒಳಗೆ ನಮ್ಮ ಕೇರಿ ಇದೆಯೇ ನೋಡಿ. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಪ್ಯಾಸಿವ್ ವಾಯ್ಸ್ ಪಾಠದ ದಿನ 'ರಾಮ ಮಾವಿನಹಣ್ಣು ತಿಂದ' ಅನ್ನುವುದನ್ನು ಬಿಟ್ಟು ಅಂದಿನ ಸುದ್ದಿಯೊಂದನ್ನು ಬೋರ್ಡಿನ ಮೇಲೆ ಬರೆಯಿರಿ. ಮಾಡಿದವರು ಯಾರು ಅಂತ ಮಕ್ಕಳನ್ನು ಕೇಳಿ. ಅದೊಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೆದರದೆ ಕೇಳಲು ಬಂದರೆ, ನಮ್ಮ ಲೆಕ್ಕದಲ್ಲಿ ಅವರಿಗೆ ಇಂಗ್ಲಿಷು ಬಂದಂತೆ.