ಬಾಗಿಲು ತೆರೆದಿದೆ, ಮೆಟ್ಟಿಲೆಲ್ಲಿ?

ಗಂಡಸರ ಆರೋಗ್ಯದ ಕಡತವಿರುವುದು ಹೆಂಗಸರ ಕೈಯಲ್ಲಿ. ಯಾರ ಮನೆಯ ಬೀರು ತೆಗೆದು ನೋಡಿದರೂ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಮಾವನವರ ಎಕ್ಸ್‌ರೇ, ಯಜಮಾನರ ಸಕ್ಕರೆ ಪರೀಕ್ಷೆಯ ಚೀಟಿ, ಮಗನಿಗೆ ಎಂದೋ ಕಾಮಾಲೆ ಬಂದಾಗಿನ ರಿಪೋರ್ಟು ಎಲ್ಲವೂ ಅದರೊಳಗೆ. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎನ್ನುವುದು ನುಂಗುವವರಿಗೆ ಗೊತ್ತಿರುವುದಿಲ್ಲ, ನೀರಿನ ಲೋಟ ಹಿಡಿದು ನಿಂತವಳಿಗೆ ಗೊತ್ತಿರುತ್ತದೆ. ಡಾಕ್ಟರು ಅವರನ್ನು ಪ್ರಶ್ನೆ ಕೇಳಿದರೂ ಅವರು ತಿರುಗಿ ನೋಡುವುದು ನಮ್ಮ ಮುಖವನ್ನೇ.

ಹೀಗಿರುವಾಗ ಗಂಡಸರ ಆರೋಗ್ಯದ ಬಗ್ಗೆ ನಡೆಯುವ ಸಂಶೋಧನೆ ಎಲ್ಲಿ ಅಚ್ಚಾಗುತ್ತದೆ, ಅದನ್ನು ಯಾರು ಓದಬಹುದು ಎಂಬ ವಿಷಯ ನಮಗೆ ಸಂಬಂಧವಿಲ್ಲದ್ದು ಎನ್ನುವ ಹಾಗಿಲ್ಲ. ಬಿ.ಎ., ಬಿ.ಎಡ್. ಮಾಡಿದ ಶಾಲಾ ಮಾಸ್ತರಿಣಿಗೆ ವೈದ್ಯಕೀಯ ಪತ್ರಿಕೆಗಳನ್ನು ವಿಮರ್ಶೆ ಮಾಡುವ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅಡುಗೆ ಮಾಡಲು ಬಾರದವರೂ ಉಪ್ಪು ಹೆಚ್ಚಾಯಿತೆಂದು ಹೇಳುತ್ತಾರಲ್ಲ, ಅಷ್ಟೇ ಅಧಿಕಾರ ನನ್ನದು. ಇದು ಓದುಗಳೊಬ್ಬಳ ದೂರು.

ಮೊದಲು ಈ ಪತ್ರಿಕೆಗಳ ವ್ಯವಹಾರವನ್ನು ಸ್ವಲ್ಪ ಹೇಳಬೇಕು. ನಾವು ಓದುವ ವಾರಪತ್ರಿಕೆಯಲ್ಲಿ ಬರೆದವರಿಗೆ ಸಂಭಾವನೆ ಬರುತ್ತದೆ. ಸಂಶೋಧನಾ ಪತ್ರಿಕೆಗಳಲ್ಲಿ ಲೇಖನ ಬರೆದ ವಿಜ್ಞಾನಿಗೂ ಅದನ್ನು ತಿದ್ದಿ ತೂಗಿ ನೋಡುವ ಪರಿಣಿತರಿಗೂ ಸಾಮಾನ್ಯವಾಗಿ ಕಾಸಿಲ್ಲ. ಸಂಶೋಧನೆಯ ಖರ್ಚು ಹೆಚ್ಚಾಗಿ ಸರ್ಕಾರದ್ದು, ಅಂದರೆ ನಮ್ಮದು. ಆದರೆ ಅಚ್ಚಾದ ಮೇಲೆ ಅದನ್ನು ಓದಲು ಪ್ರಕಾಶಕರಿಗೆ ದುಡ್ಡು ಕೊಡಬೇಕು. ಇದು ಸರಿಯಲ್ಲವೆಂದು ಹಲವು ದೇಶಗಳ ವಿದ್ವಾಂಸರು ಸೇರಿ 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆಯನ್ನು ಹೊರಡಿಸಿದರು. ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಓದುವಂತಾಗಬೇಕು ಎನ್ನುವುದು ಅದರ ಸಾರ. ಇದಕ್ಕೆ 'ಓಪನ್ ಆಕ್ಸೆಸ್' ಎನ್ನುತ್ತಾರೆ, ಮುಕ್ತ ಪ್ರವೇಶ ಎಂದುಕೊಳ್ಳೋಣ.

ನಮ್ಮ ದೇಶ ಇದರಲ್ಲಿ ಹಿಂದೆ ಬಿದ್ದಿಲ್ಲ. 1913ರಲ್ಲಿ ಶುರುವಾದ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್' ಇವತ್ತು ಯಾರಿಗಾದರೂ ಓದಲು ಸಿಗುತ್ತದೆ. ಮೂತ್ರಾಂಗಗಳ ತಜ್ಞರ ಸಂಘ ಹೊರತರುವ 'ಇಂಡಿಯನ್ ಜರ್ನಲ್ ಆಫ್ ಯುರಾಲಜಿ' ಕೂಡ ಹಾಗೆಯೇ. ಅಮೆರಿಕದಲ್ಲಿ ಗಂಡಸರ ಆರೋಗ್ಯಕ್ಕೆಂದೇ 2007ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಮೆನ್ಸ್ ಹೆಲ್ತ್' ಶುರುವಾಯಿತು. ಮೊದಲು ಚಂದಾದಾರರಿಗೆ ಮಾತ್ರ ಇದ್ದದ್ದು ಈಗ ಎಲ್ಲರಿಗೂ ತೆರೆದಿದೆ. ಇಲ್ಲಿಯವರೆಗೆ ಎಲ್ಲವೂ ಸಂತೋಷದ ಸುದ್ದಿಯೇ.

ಈ ತೆರೆದ ಬಾಗಿಲನ್ನು ನಾನೇ ತಟ್ಟಬೇಕಾದ ಸಂದರ್ಭ ನಾಲ್ಕು ವರ್ಷದ ಹಿಂದೆ ಬಂತು. ನಮ್ಮ ಮನೆಯವರಿಗೆ ಅರವತ್ತು ತುಂಬಿತ್ತು. ಯಾರೋ ಸ್ನೇಹಿತರು ಹೇಳಿದರೆಂದು ರಿಯಾಯಿತಿ ದರದಲ್ಲಿ ಇಡೀ ಮೈಯ ತಪಾಸಣೆ ಮಾಡಿಸಿಕೊಂಡು ಬಂದರು. ಎರಡು ಪುಟದ ಆ ಪಟ್ಟಿಯಲ್ಲಿ 'ಪಿಎಸ್‌ಎ' ಎಂಬುದರ ಮುಂದೆ ಐದೂ ಚಿಲ್ಲರೆ ಎಂದು ದಪ್ಪಕ್ಷರದಲ್ಲಿತ್ತು. ನಾಲ್ಕರೊಳಗಿರಬೇಕಂತೆ. ತೋರಿಸಿದ ಕಡೆ 'ಬಯಾಪ್ಸಿ ಮಾಡಿಸಿಬಿಡಿ' ಎಂದರು. ಕ್ಯಾನ್ಸರ್ ಎಂಬ ಪದವನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಮನೆಯಲ್ಲಿ ಅದೊಂದೇ ಪದ ಓಡಾಡತೊಡಗಿತು. ಅವರು ಮಾತು ಬಿಟ್ಟರು. ನಾನು ನಿದ್ದೆ ಬಿಟ್ಟೆ.

ಡಿಗ್ರಿ ಓದುತ್ತಿದ್ದ ನನ್ನ ಅಣ್ಣನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿದೆ. ಮೊದಲು ಸಿಕ್ಕಿದ ಲೇಖನದ ಶೀರ್ಷಿಕೆ ನಮಗೆ ಬೇಕಾದದ್ದೇ ಆಗಿತ್ತು, ಆದರೆ ಅದನ್ನು ತೆರೆಯಲು ಮೂವತ್ತಕ್ಕೂ ಹೆಚ್ಚು ಡಾಲರ್ ಕೇಳಿತು. 'ಅತ್ತೆ, ಒಂದು ಲೇಖನಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ!' ಎಂದಳು ಹುಡುಗಿ. ಅದನ್ನು ಬಿಟ್ಟು ಬಿಟ್ಟಿಯಾಗಿ ಸಿಗುವುದನ್ನು ಹಿಡಿದೆವು. ಮೂರು ಸಂಜೆ ನಿಘಂಟು ಇಟ್ಟುಕೊಂಡು ಓದಿದ ಮೇಲೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ಇದು ನಿಮ್ಮ ಮನೆಗೂ ಬರಬಹುದಾದ ಚೀಟಿ.

ಗಂಡಸರ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಒಂದು ಗ್ರಂಥಿಯಿದೆ. ಅದು ತಯಾರಿಸುವ ಒಂದು ಪ್ರೋಟೀನಿನ ಪ್ರಮಾಣವೇ ಈ ಪಿಎಸ್‌ಎ. ಕ್ಯಾನ್ಸರ್ ಇದ್ದರೆ ಅದು ಏರುತ್ತದೆ, ನಿಜ. ಆದರೆ ವಯಸ್ಸಿಗೆ ಸಹಜವಾಗಿ ಗ್ರಂಥಿ ಊದಿಕೊಂಡರೂ ಏರುತ್ತದೆ, ಸೋಂಕು ತಗಲಿದರೂ ಏರುತ್ತದೆ. ಪಿಎಸ್‌ಎ ಹೆಚ್ಚಿದೆಯೆಂದು ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಕಾಣಿಸುತ್ತದೆ. ಕಾಣಿಸಿದ ಕ್ಯಾನ್ಸರೂ ಹಲವರಲ್ಲಿ ಎಷ್ಟು ನಿಧಾನವೆಂದರೆ, ಅದು ಬೆಳೆದು ತೊಂದರೆ ಕೊಡುವ ಮೊದಲೇ ಅವರು ಬೇರೆ ಕಾರಣದಿಂದ ತೀರಿಕೊಂಡಿರುತ್ತಾರೆ. ಚಿಕಿತ್ಸೆಯಿಂದಲೋ ಮೂತ್ರದ ಹಿಡಿತ ತಪ್ಪಬಹುದು, ದಾಂಪತ್ಯದ ಶಕ್ತಿ ಹೋಗಬಹುದು.

2009ರಲ್ಲಿ ಒಂದೇ ಸಂಚಿಕೆಯಲ್ಲಿ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಸುಮಾರು 76,000 ಗಂಡಸರನ್ನು ನೋಡಿದ ಅಮೆರಿಕದ ಅಧ್ಯಯನ, ಈ ಸಾಮೂಹಿಕ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ ಎಂದಿತು. ಯುರೋಪಿನ ಏಳು ದೇಶಗಳ ಅಧ್ಯಯನ, ಸಾವು ನೂರಕ್ಕೆ ಇಪ್ಪತ್ತರಷ್ಟು ಕಡಿಮೆಯಾಯಿತು ಎಂದಿತು. ಆದರೆ ಒಂದು ಸಾವನ್ನು ತಪ್ಪಿಸಲು 1,410 ಮಂದಿಯನ್ನು ತಪಾಸಣೆಗೆ ಒಳಪಡಿಸಿ, ಹೆಚ್ಚುವರಿಯಾಗಿ 48 ಮಂದಿಗೆ ಚಿಕಿತ್ಸೆ ಕೊಡಬೇಕೆಂದೂ ಅದೇ ಲೆಕ್ಕ ಹೇಳಿತು. ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಈ ತಪಾಸಣೆ ಬೇಡವೆಂದಿತು. 2018ರಲ್ಲಿ ಮಾತು ಬದಲಿಸಿ, 55ರಿಂದ 69 ವರ್ಷದವರು ಲಾಭ ನಷ್ಟ ಎರಡನ್ನೂ ತಿಳಿದು ತಾವೇ ತೀರ್ಮಾನಿಸಲಿ ಎಂದಿತು. ಯುರೋಪಿನ ಅಧ್ಯಯನ 23 ವರ್ಷಗಳ ಲೆಕ್ಕವನ್ನು 2025ರಲ್ಲಿ ಕೊಟ್ಟಾಗ, ಒಂದು ಸಾವು ತಪ್ಪಿಸಲು ತಪಾಸಣೆಗೆ ಕರೆಯಬೇಕಾದವರ ಸಂಖ್ಯೆ 456ಕ್ಕೆ ಇಳಿದಿತ್ತು.

ನಾವು ಇನ್ನೊಬ್ಬ ತಜ್ಞರ ಬಳಿ ಹೋದೆವು. ಸೋಂಕಿರಬಹುದೆಂದು ಔಷಧಿ ಕೊಟ್ಟು, ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಮೂರಕ್ಕಿಂತ ಕೆಳಗಿತ್ತು. ಎಲ್ಲರ ಕಥೆಯೂ ಹೀಗೇ ಮುಗಿಯುವುದಿಲ್ಲ. ಕೆಲವರಿಗೆ ಬಯಾಪ್ಸಿ ಬೇಕೇ ಬೇಕು, ಅದೇ ಅವರ ಪ್ರಾಣ ಉಳಿಸುತ್ತದೆ. ಆದರೆ ಎರಡನೆಯ ಬಾಗಿಲು ತಟ್ಟುವ ಧೈರ್ಯ ನಮಗೆ ಬಂದದ್ದು ಓದಿನಿಂದ ಎಂಬುದನ್ನು ನಾನು ಮರೆಯಲಾರೆ.

ಇನ್ನು ನನ್ನ ತಕರಾರುಗಳಿಗೆ ಬರುತ್ತೇನೆ.

ಮೊದಲನೆಯದು, ಬಾಗಿಲು ತೆರೆಯುವ ಹೊತ್ತು. 2009ರ ಆ ಎರಡು ಅಧ್ಯಯನಗಳನ್ನು ಪ್ರಕಟಿಸಿದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಸಂಶೋಧನಾ ಲೇಖನಗಳನ್ನು ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ಬಿಟ್ಟಿಯಾಗಿ ಬಿಡುತ್ತದೆ. ಹಬ್ಬ ಮುಗಿದ ಮೇಲೆ ಹೋಳಿಗೆ ಕೊಟ್ಟ ಹಾಗೆ. ನಾಳೆ ಬಯಾಪ್ಸಿಗೆ ಬನ್ನಿ ಎಂದವರು ಆರು ತಿಂಗಳು ಕಾಯುತ್ತಾರೆಯೆ?

ಎರಡನೆಯದು, ದುಡ್ಡು. ಓದುವವರಿಂದ ತೆಗೆದುಕೊಳ್ಳುವುದನ್ನು ಬಿಟ್ಟ ಪ್ರಕಾಶಕರು ಅನೇಕ ಕಡೆ ಬರೆಯುವವರಿಂದ ತೆಗೆದುಕೊಳ್ಳತೊಡಗಿದರು. 'ನೇಚರ್' ಪತ್ರಿಕೆ 2021ರಿಂದ ಒಂದು ಲೇಖನವನ್ನು ಮುಕ್ತವಾಗಿ ಪ್ರಕಟಿಸಲು ನಿಗದಿ ಮಾಡಿದ ಶುಲ್ಕ 9,500 ಯೂರೋ, ಎಂದರೆ ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮಿಗಿಲು. ಎಲ್ಲ ಪತ್ರಿಕೆಗಳೂ ಅಷ್ಟು ಕೇಳುವುದಿಲ್ಲ, ಕೆಲವು ಏನನ್ನೂ ಕೇಳುವುದಿಲ್ಲ. ಆದರೂ ನಮ್ಮ ಜಿಲ್ಲಾ ಆಸ್ಪತ್ರೆಯ ವೈದ್ಯರೊಬ್ಬರು ನಮ್ಮ ಕಡೆಯ ರೈತರಿಗೆ ಬರುವ ಕಾಯಿಲೆಯ ಬಗ್ಗೆ ಬರೆದರೆ ಈ ಶುಲ್ಕ ಎಲ್ಲಿಂದ ತಂದಾರು? ಅವರು ಬರೆಯದೆ ಹೋದರೆ, ನಾವು ಬಿಟ್ಟಿಯಾಗಿ ಓದುವುದೆಲ್ಲ ಬೇರೆ ದೇಶದ ಗಂಡಸರ ಮೈಯ ಕಥೆಯೇ ಆಗುತ್ತದೆ. ಇನ್ನೊಂದು ಕಡೆ, ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳು ಹುಟ್ಟಿಕೊಂಡವು. ನಂಬಬಹುದಾದ ಪತ್ರಿಕೆಗಳ ಪಟ್ಟಿಯೊಂದನ್ನು ಯುಜಿಸಿ 2019ರಲ್ಲಿ ಜಾರಿಗೆ ತಂದು, 2025ರಲ್ಲಿ ಕೈಬಿಟ್ಟಿತು. ಗಂಡಸುತನದ ಪುಡಿ, ಎಣ್ಣೆಗಳ ಜಾಹೀರಾತಿನಲ್ಲಿ 'ಸಂಶೋಧನೆಯಿಂದ ಸಾಬೀತಾಗಿದೆ' ಎಂದಿರುವುದನ್ನು ನೀವೂ ನೋಡಿರುತ್ತೀರಿ. ಎಲ್ಲಿಯ ಸಂಶೋಧನೆ, ಯಾರು ತೂಗಿ ನೋಡಿದ್ದು ಎಂದು ಕೇಳುವ ಅಭ್ಯಾಸ ನಮಗೆ ಬೇಕು.

ಮೂರನೆಯದು, ಯಾರಿಗೆ ತೆರೆದಿದೆ ಎನ್ನುವುದು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆಗಳು, 6,300ರಷ್ಟು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ದೊಡ್ಡ ಕೆಲಸವೇ. ಆದರೆ ಅದು ಆ ಸಂಸ್ಥೆಗಳೊಳಗೆ ಇರುವವರಿಗೆ. ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದ ಮರದ ಬೆಂಚಿನ ಮೇಲೆ ಕೂರುವವರಿಗಲ್ಲ. ಪ್ರೌಢಶಾಲೆಯ ಶಿಕ್ಷಕಿಗೂ ಅಲ್ಲ. ಇದಕ್ಕಿಂತ 2007ರಲ್ಲಿ ಐಸಿಎಂಆರ್ ಮಾಡಿದ ಕೆಲಸ ನನಗೆ ಹೆಚ್ಚು ಹಿಡಿಸಿತು. ಔಷಧ, ಚಿಕಿತ್ಸೆಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಸೇರಿಸಿ ತೂಗುವ ಕಾಕ್ರೇನ್ ಗ್ರಂಥಾಲಯವನ್ನು ಅದು ತಾನೇ ಹಣ ತೆತ್ತು ದೇಶದ ಎಲ್ಲರಿಗೂ ತೆರೆಸಿತು.

ನಾಲ್ಕನೆಯದೇ ನನಗೆ ಮುಖ್ಯವಾದದ್ದು. ಬೀಗ ತೆಗೆದರೂ ಒಳಗಿನ ಮಾತು ನಮ್ಮದಲ್ಲ. ಇಂಗ್ಲಿಷ್ ಬಲ್ಲ ನಾನೇ ಒಂದು ಪುಟಕ್ಕೆ ಹತ್ತು ಸಲ ನಿಘಂಟು ತೆಗೆದೆ. ಇಂಗ್ಲಿಷ್ ಬಾರದ ಗೆಳತಿಗೆ ಮುಕ್ತ ಪತ್ರಿಕೆಯೂ ಮುಚ್ಚಿದ ಪತ್ರಿಕೆಯೂ ಒಂದೇ. ಕಾಕ್ರೇನ್‌ನವರು ಪ್ರತಿ ವಿಮರ್ಶೆಯ ಜೊತೆಗೂ ಸರಳ ಮಾತಿನ ಒಂದು ಸಾರಾಂಶ ಕೊಡುತ್ತಾರೆ. ಪಿಎಸ್‌ಎ ತಪಾಸಣೆಯ ಬಗ್ಗೆ ಐದು ಅಧ್ಯಯನಗಳ 3,41,342 ಗಂಡಸರ ಲೆಕ್ಕ ಹಾಕಿದ 2013ರ ವಿಮರ್ಶೆಗೂ ಅಂಥ ಸಾರಾಂಶವಿದೆ. ನಾನು ಮೂರು ಸಂಜೆ ಪಟ್ಟ ಕಷ್ಟದ ಬಹುಪಾಲನ್ನು ಆ ಅರ್ಧ ಪುಟ ತಪ್ಪಿಸಬಹುದಿತ್ತು. ಎಂದರೆ ಇದು ಆಗದ ಕೆಲಸವೇನಲ್ಲ.

ಓದುಗರು ಯಾರೆಂದು ಯೋಚಿಸಿ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಗಂಡಸರ ಆರೋಗ್ಯದ ಸಂಶೋಧನೆಯಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನರ 52 ಕ್ಷೌರದಂಗಡಿಗಳನ್ನು ಆರಿಸಿಕೊಂಡು, ರಕ್ತದೊತ್ತಡವಿದ್ದ 319 ಗಿರಾಕಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಅಂಗಡಿಯಲ್ಲೇ ಔಷಧ ತಜ್ಞರು ಬಂದು ಮಾತ್ರೆ ಕೊಟ್ಟು ನೋಡಿಕೊಂಡರು. ಇನ್ನೊಂದು ಗುಂಪಿಗೆ ಕ್ಷೌರಿಕರು ಡಾಕ್ಟರ ಬಳಿ ಹೋಗಿ ಎಂದು ಬುದ್ಧಿ ಹೇಳಿದರು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಮೇಲಿನ ಒತ್ತಡ ಸರಾಸರಿ 27ರಷ್ಟು ಇಳಿಯಿತು, ಎರಡನೆಯದರಲ್ಲಿ 9ರಷ್ಟು. 2018ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದೇನು? ಗಂಡಸು ಆಸ್ಪತ್ರೆಗೆ ಬಾರದಿದ್ದರೆ ಅವನು ಕೂರುವ ಕುರ್ಚಿಯ ಬಳಿಗೇ ಆರೋಗ್ಯ ಹೋಗಬೇಕು. ಜ್ಞಾನಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮಲ್ಲಿ ಅದು ಹೋಗಬೇಕಾದ ಜಾಗ ಬೀರುವಿನ ಆ ಪ್ಲಾಸ್ಟಿಕ್ ಚೀಲದ ಒಡತಿಯ ಬಳಿಗೆ.

ಹೋಗದಿದ್ದರೆ ಆಗುವ ನಷ್ಟ ಗಂಡಸರದ್ದಷ್ಟೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಯಾರು ಬೇಕಾದರೂ ತೆಗೆದು ಓದಬಹುದು. ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡ ಹೆಂಡತಿಯರು ನೂರಕ್ಕೆ ಸುಮಾರು 38. ಗಂಡಂದಿರು ನೂರಕ್ಕೆ ಒಬ್ಬರೂ ಇಲ್ಲ, 0.3. ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಸುಲಭ, ಹೊಟ್ಟೆ ಕೊಯ್ಯುವಂತಿಲ್ಲ, ಅದೇ ದಿನ ಮನೆಗೆ ಬರಬಹುದು. ಇದೆಲ್ಲ ಎಷ್ಟೋ ವರ್ಷಗಳಿಂದ ಅಚ್ಚಾಗಿದೆ. ಆದರೂ ಗರ್ಭನಿರೋಧ ಹೆಂಗಸರ ಕೆಲಸ, ಅದಕ್ಕೂ ತಮಗೂ ಸಂಬಂಧವಿಲ್ಲ ಎಂದು ಅದೇ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಗಂಡಸರು ಹೇಳಿದ್ದಾರೆ. ಅವರ ಮೈಯ ಬಗ್ಗೆ ತಿಳಿಯದೆ ಉಳಿದದ್ದಕ್ಕೆ ನಮ್ಮ ಮೈ ದಂಡ ಕಟ್ಟುತ್ತಿದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ನಮ್ಮ ತೆರಿಗೆಯಿಂದ ನಡೆದ ಪ್ರತಿ ಸಂಶೋಧನೆಯೂ ಅಚ್ಚಾದ ದಿನವೇ ತೆರೆದಿರಲಿ. ಬರೆಯುವ ಬಡ ಸಂಶೋಧಕರ ಮೇಲೆ ಶುಲ್ಕದ ಹೊರೆ ಬೀಳದಿರಲಿ. ಕರ್ನಾಟಕದ ಗಂಡಸರ ರಕ್ತ ತೆಗೆದು ಮಾಡಿದ ಅಧ್ಯಯನದ ಜೊತೆಗೆ ಕನ್ನಡದಲ್ಲಿ ಒಂದೇ ಒಂದು ಪುಟವಿರಲಿ. ಏನು ನೋಡಿದೆವು, ಏನು ಕಂಡಿತು, ಏನು ಇನ್ನೂ ಖಚಿತವಿಲ್ಲ, ಡಾಕ್ಟರನ್ನು ಏನು ಕೇಳಬೇಕು ಎಂಬ ನಾಲ್ಕು ಮಾತು. ಏಳನೆಯ ತರಗತಿ ಓದಿದವಳಿಗೆ ಅರ್ಥವಾಗುವಂತೆ ಬರೆಯುವುದು ಕಷ್ಟ ಎನ್ನುವವರಿದ್ದರೆ, ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿರುವ ನಮ್ಮಂಥ ಶಿಕ್ಷಕಿಯರು ಪ್ರತಿ ಊರಿನಲ್ಲೂ ಇದ್ದೇವೆ. ಕರೆದರೆ ಬರುತ್ತೇವೆ.

ಅಲ್ಲಿಯವರೆಗೆ, ಗೆಳತಿಯರೇ, ಮನೆಗೆ ಬಂದ ಯಾವ ರಿಪೋರ್ಟನ್ನೂ ದಪ್ಪಕ್ಷರ ನೋಡಿ ಹೆದರಿ ಸೀರೆಯ ಕೆಳಗೆ ಮಡಚಿಡಬೇಡಿ. 'ಇದರ ಅರ್ಥವೇನು, ಮಾಡಿಸದಿದ್ದರೆ ಏನಾಗುತ್ತದೆ, ಮಾಡಿಸಿದರೆ ಏನಾಗುತ್ತದೆ?' ಎಂದು ಡಾಕ್ಟರನ್ನು ಕೇಳಿ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ. ಮೈ ಅವರದು, ತಿಳಿದುಕೊಳ್ಳುವ ಕೆಲಸದಲ್ಲಿ ಅವರಿಗೂ ಪಾಲಿರಲಿ.