ಬಾಲಕಾರ್ಮಿಕರ ಅಧ್ಯಯನ: ಎಣಿಕೆ ಮತ್ತು ಒಡನಾಟ

ಮಕ್ಕಳ ಕ್ಷೇಮವನ್ನು ಕುರಿತ ಸಂಶೋಧನೆಯಲ್ಲಿ ಪರಿಮಾಣಾತ್ಮಕ ವಿಧಾನವು ವಸ್ತುನಿಷ್ಠ, ಗುಣಾತ್ಮಕ ವಿಧಾನವು ವ್ಯಕ್ತಿನಿಷ್ಠ ಎಂಬ ವಿಂಗಡಣೆಯನ್ನು ನಾವು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದೇವೆ. ಭಾರತದ ಬಾಲಕಾರ್ಮಿಕರಿಗೆ ಸಂಬಂಧಿಸಿದ ಅಂಕಿಗಳನ್ನು ತುಸು ಎಚ್ಚರದಿಂದ ಓದಿದರೆ ಈ ವಿಂಗಡಣೆ ನಿಲ್ಲುವುದಿಲ್ಲ.

5ರಿಂದ 14 ವಯೋಮಾನದ ದುಡಿಯುವ ಮಕ್ಕಳು 2001ರ ಜನಗಣತಿಯಲ್ಲಿ ಸುಮಾರು 1.26 ಕೋಟಿ, 2011ರಲ್ಲಿ 43.5 ಲಕ್ಷ. ಸರ್ಕಾರಿ ಪ್ರಕಟಣೆಗಳಲ್ಲಿ ಜೊತೆಜೊತೆಯಾಗಿ ಕಾಣಿಸಿಕೊಂಡ ಈ ಅಂಕಿಗಳು ಒಂದು ದಶಕದಲ್ಲಿ ಮೂರರಲ್ಲಿ ಎರಡು ಪಾಲು ಇಳಿಕೆಯಾಯಿತೆಂಬ ಭಾವನೆಯನ್ನು ಹುಟ್ಟಿಸುತ್ತವೆ. ಆದರೆ ಮೊದಲನೆಯದು, ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದ ‘ಮುಖ್ಯ’ ಕಾರ್ಮಿಕರನ್ನೂ ಅದಕ್ಕಿಂತ ಕಡಿಮೆ ದುಡಿದ ‘ಅಲ್ಪಾವಧಿ’ ಕಾರ್ಮಿಕರನ್ನೂ ಕೂಡಿಸಿದ ಮೊತ್ತ. ಎರಡನೆಯದು ಮುಖ್ಯ ಕಾರ್ಮಿಕರದು ಮಾತ್ರ. ಎರಡೂ ವರ್ಗಗಳನ್ನು ಕೂಡಿಸಿದರೆ 2011ರ ಸಂಖ್ಯೆ ಸುಮಾರು 1.01 ಕೋಟಿಯಾಗುತ್ತದೆ, ಇಳಿಕೆ ಐದರಲ್ಲಿ ಒಂದು ಪಾಲಿಗೆ ನಿಲ್ಲುತ್ತದೆ. ಅಂಕಿ ಯಾವುದೂ ಸುಳ್ಳಲ್ಲ, ಹೋಲಿಕೆ ಸುಳ್ಳು. ಉಳಿದ 57 ಲಕ್ಷಕ್ಕೂ ಮಿಕ್ಕ ಮಕ್ಕಳು ಸುಗ್ಗಿಯಲ್ಲೋ ರಜೆಯಲ್ಲೋ ದುಡಿದವರಿರಬಹುದು, ಶಾಲೆ ಬಿಡುವ ಹಾದಿಯಲ್ಲಿದ್ದವರೂ ಇರಬಹುದು. ಇದನ್ನು ಕೋಷ್ಟಕ ಹೇಳಲಾರದು.

ವ್ಯಾಖ್ಯೆಯ ತೊಡಕು ಇನ್ನೂ ಆಳವಾದುದು. ಸ್ವಂತ ಮನೆಯ ಅಡುಗೆ, ನೀರು ತರುವುದು, ತಮ್ಮತಂಗಿಯರ ಪಾಲನೆ ಇವು ಜನಗಣತಿಯ ದೃಷ್ಟಿಯಲ್ಲಿ ದುಡಿಮೆಯಲ್ಲ. ಇದಕ್ಕಾಗಿಯೇ ಶಾಲೆ ಬಿಟ್ಟ ಹುಡುಗಿ ಹಾಜರಿ ಪುಸ್ತಕದಲ್ಲೂ ಇಲ್ಲ, ಕಾರ್ಮಿಕರ ಪಟ್ಟಿಯಲ್ಲೂ ಇಲ್ಲ. ಶಾಂತಾ ಸಿನ್ಹಾ ಅವರ ನೇತೃತ್ವದಲ್ಲಿ ರಂಗಾರೆಡ್ಡಿ ಜಿಲ್ಲೆಯಲ್ಲಿ ಕೆಲಸ ಮಾಡಿದ ಎಂ.ವಿ. ಪ್ರತಿಷ್ಠಾನವು ಶಾಲೆಯ ಹೊರಗಿರುವ ಪ್ರತಿಯೊಂದು ಮಗುವನ್ನೂ ಬಾಲಕಾರ್ಮಿಕವೆಂದೇ ಪರಿಗಣಿಸಿತು. ಮಕ್ಕಳು ಅವರೇ, ವ್ಯಾಖ್ಯೆ ಬದಲಾದೊಡನೆ ಸಂಖ್ಯೆ ಬದಲಾಗುತ್ತದೆ. ಎಂದರೆ, ಎಣಿಕೆ ಆರಂಭವಾಗುವ ಮೊದಲೇ ಒಂದು ಗುಣಾತ್ಮಕ ತೀರ್ಮಾನ ನಡೆದುಹೋಗಿರುತ್ತದೆ.

ಕೇರಳದ ಒಂದು ಕರಾವಳಿ ಹಳ್ಳಿಯನ್ನು ಕುರಿತ ಓಲ್ಗಾ ನ್ಯೂವೆನ್‌ಹಾಯ್ಸ್ ಅವರ ಅಧ್ಯಯನ (1994) ಅಲ್ಲಿನ ಮೀನುಗಾರಿಕೆ, ತೆಂಗಿನ ನಾರಿನ ಕೆಲಸಗಳಲ್ಲಿ ಮಕ್ಕಳ, ವಿಶೇಷವಾಗಿ ಹುಡುಗಿಯರ ಶ್ರಮವು ‘ನೆರವು’ ಎಂಬ ಹೆಸರಿನಲ್ಲಿ ಮರೆಯಾಗುವ ಬಗೆಯನ್ನು ತೋರಿಸಿತು. ಒಂದು ಹಳ್ಳಿ ದೇಶವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಮುಂದಿನ ಪ್ರಶ್ನಾವಳಿಯಲ್ಲಿ ಯಾವ ಪ್ರಶ್ನೆ ಇರಬೇಕೆಂಬುದನ್ನು ತಿಳಿಸಿಕೊಡುವುದು ಅಂಥ ಹಳ್ಳಿಯೇ. ಗುಣಾತ್ಮಕ ವಿಧಾನಕ್ಕೂ ತನ್ನದೇ ಆಯ್ಕೆಯ ದೋಷವಿದೆ: ಮೈರನ್ ವೀನರ್ ಅವರ ಪ್ರಸಿದ್ಧ ಕೃತಿ (1991) ಮಕ್ಕಳಿಗಿಂತ ಹೆಚ್ಚಾಗಿ ಅಧಿಕಾರಿಗಳ, ಶಿಕ್ಷಣತಜ್ಞರ ಮಾತಿಗೆ ಕಿವಿಗೊಟ್ಟಿತು.

ಹೊರನಾಡಿನ ನಮಗೆ ಈ ಪ್ರಶ್ನೆ ದೂರದ್ದಲ್ಲ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಗಣತಿಗೆ ಕಾರ್ಮಿಕರು, ಶಾಲೆಯ ದಾಖಲೆಗೆ ವಿದ್ಯಾರ್ಥಿಗಳು. ಅವರಲ್ಲಿ ಹಲವರು ಇಂದು ವೃದ್ಧರಾಗಿ ನಮ್ಮ ನಡುವೆ ಇದ್ದಾರೆ. ಅವರ ನೆನಪುಗಳನ್ನು ದಾಖಲಿಸುವ ಕೆಲಸವನ್ನು ರಾತ್ರಿಶಾಲೆಗಳ ಹಳೆಯ ಹಾಜರಿ ಪುಸ್ತಕಗಳ ಪರಿಶೀಲನೆಯೊಂದಿಗೇ ಕೈಗೊಳ್ಳಬೇಕು.