ಈಶ್ವರಸಿದ್ಧಿಯಲ್ಲಿ ಅನುಮಾನಪ್ರಮಾಣದ ಮಿತಿ

ಕೃಷ್ಣಾತೀರದ ಗಲಗಲಿಯು ಮಾಧ್ವ ಪಂಡಿತಪರಂಪರೆಯಿಂದ ಪ್ರಸಿದ್ಧವಾದ ಗ್ರಾಮವು. ಅಲ್ಲಿಯ ಹರಿಭಕ್ತಿಯನ್ನು ಬಲ್ಲವರು, ಈಶ್ವರನನ್ನು ತರ್ಕದಿಂದಲೇ ಸಾಧಿಸುವದು ಈ ಮತಕ್ಕೆ ಇಷ್ಟವೆಂದು ಎಣಿಸಬಹುದು. ವಸ್ತುಸ್ಥಿತಿಯು ಬೇರೆ. ಕೇವಲ ಅನುಮಾನದಿಂದ ಈಶ್ವರಸಿದ್ಧಿಯಾಗದು, ಅದರಿಂದ ವಿಪರೀತವನ್ನೂ ಸಾಧಿಸಬಹುದು ಎಂಬುದೇ ವಿಷ್ಣುತತ್ತ್ವವಿನಿರ್ಣಯದಲ್ಲಿ ಶ್ರೀಮಧ್ವಾಚಾರ್ಯರ ಅಭಿಪ್ರಾಯವು. ಪರಮಾಸ್ತಿಕರ ಈ ಮಾತು ವಿಚಾರಾರ್ಹವಾಗಿದೆ.

ನ್ಯಾಯಕುಸುಮಾಂಜಲಿಯಲ್ಲಿ ಉದಯನಾಚಾರ್ಯರು ಹಿಡಿದ ಹೇತುಗಳಲ್ಲಿ ಮೊದಲನೆಯದು ಕಾರ್ಯತ್ವ. ಗಡಿಗೆಗೆ ಕುಂಬಾರನಿರುವಂತೆ, ಕಾರ್ಯವಾದ ಭೂಮ್ಯಾದಿಗಳಿಗೂ ಕರ್ತನಿರಬೇಕು. ಆದರೆ ಕುಂಬಾರನಿಗೆ ಶರೀರವುಂಟು. ಒಂದೇ ಮನೆಯನ್ನು ಹಲವರು ಕೂಡಿ ಕಟ್ಟುವದೂ ಉಂಟು. ದೃಷ್ಟಾಂತವನ್ನು ಪೂರ್ಣವಾಗಿ ಹಿಡಿದರೆ ಶರೀರಿಗಳಾದ ಅನೇಕ ಕರ್ತರು ಸಿದ್ಧರಾಗುವರು. ಬಿಟ್ಟರೆ ವ್ಯಾಪ್ತಿಯೇ ಸಡಿಲುವದು. ಕರ್ತೃತ್ವಕ್ಕೆ ಜ್ಞಾನ, ಇಚ್ಛೆ, ಪ್ರಯತ್ನಗಳೇ ಸಾಕು, ಶರೀರವು ಬೇಡವೆಂದು ನೈಯಾಯಿಕರು ಉತ್ತರಿಸುವರು. ಆದರೆ ಶರೀರವಿಲ್ಲದ ಪ್ರಯತ್ನವನ್ನು ಲೋಕದಲ್ಲಿ ಕಂಡವರಾರು? ಈ ಆಕ್ಷೇಪವು ಹೊಸತಲ್ಲ; ಉದಯನರಿಗಿಂತ ಮೊದಲೇ ಕುಮಾರಿಲಭಟ್ಟರು ಶ್ಲೋಕವಾರ್ತಿಕದಲ್ಲಿ ಇದನ್ನು ಎತ್ತಿರುವರು. ಅವರಾದರೋ ವೇದನಿಷ್ಠರು.

ಹಾಗಾದರೆ ನಿರೀಶ್ವರವಾದಿಗೆ ಜಯವೇ? ಅಲ್ಲ. ಸಾಧಕದ ಅಭಾವವು ಬಾಧಕವಾಗದು. ಅಂಗಳದಲ್ಲಿ ಗಡಿಗೆಯು ಕಾಣದಿದ್ದರೆ ಇಲ್ಲವೆನ್ನಬಹುದು, ಏಕೆಂದರೆ ಅದು ಕಾಣಲು ಯೋಗ್ಯವಾದ ವಸ್ತು. ಇಂದ್ರಿಯಗಳಿಗೆ ಯೋಗ್ಯವಲ್ಲದ್ದು ಕಾಣದಿದ್ದ ಮಾತ್ರಕ್ಕೆ ಅದರ ಅಭಾವವು ಸಿದ್ಧಿಸುವದಿಲ್ಲ.

ಮಾಧ್ವರು ಅಪೌರುಷೇಯ ಶ್ರುತಿಯನ್ನು ಆಶ್ರಯಿಸುವರು. ಅದು ಅವರ ಸಿದ್ಧಾಂತದಲ್ಲಿ ಸುಸಂಗತವೇ ಸರಿ. ಆದರೆ ವಾದಿಗಳೆಲ್ಲರೂ ವೈದಿಕರಲ್ಲ. ಗಲಗಲಿಯಿರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ ಐಹೊಳೆಯ ಮೇಗುತಿ ಜಿನಾಲಯವಿದೆ. ರವಿಕೀರ್ತಿಯ ಶಾಸನವು ಅದನ್ನು ಶಕವರ್ಷ 556ಕ್ಕೆ, ಅಂದರೆ ಕ್ರಿ. ಶ. 634ಕ್ಕೆ ಸೇರಿಸುವದು. ಜೈನರು ವೇದಪ್ರಾಮಾಣ್ಯವನ್ನೂ ಸೃಷ್ಟಿಕರ್ತನನ್ನೂ ಒಪ್ಪರು. ಆದರೂ ಜೀವ, ಕರ್ಮ, ಮೋಕ್ಷಗಳನ್ನು ಒಪ್ಪುವರು. ಅವರೊಡನೆ ವಾದಿಸುವಲ್ಲಿ ವೇದವೇ ವಿವಾದಕ್ಕೆ ವಿಷಯವಾದುದರಿಂದ ಅದನ್ನು ಹೇತುವಾಗಿ ಮುಂದಿಡಲು ಬಾರದು. ವಿಪ್ರತಿಪತ್ತಿಯು ಸಂಶಯಕ್ಕೆ ಕಾರಣವೆಂದು ನ್ಯಾಯಸೂತ್ರವೇ ಎಣಿಸಿದೆ.

ಆದಕಾರಣ ಉಭಯಸಮ್ಮತವಾದ ತರ್ಕಭೂಮಿಯಲ್ಲಿ ಸಂಶಯವೇ ಯುಕ್ತವು. ಆದರೆ ಅದು ಜಿಜ್ಞಾಸೆಗೆ ದ್ವಾರವೇ ಹೊರತು ಆಲಸ್ಯಕ್ಕೆ ನೆಪವಲ್ಲ. ಶ್ರುತಿಯನ್ನು ನಂಬಿದವನು ಆಸ್ತಿಕನಾಗಿರುವದು ದೋಷವಲ್ಲ. ಆ ನಂಬಿಕೆಗೆ ತರ್ಕಜಯವೆಂದು ಹೆಸರಿಡುವದು ದೋಷವು. ಗಡಿಯಾರಕ್ಕೆ ಕರ್ತನಿರುವಂತೆ ಜಗತ್ತಿಗೂ ಉಂಟೆಂದು ಪ್ರವಚನದಲ್ಲಿ ಕೇಳಿ ನಂಬಿದ ತರುಣನು, ನಾಳೆ ಆ ದೃಷ್ಟಾಂತದ ಬಿರುಕನ್ನು ಕಂಡೊಡನೆ ಶ್ರುತಿಯೂ ಬಿದ್ದಿತೆಂದು ತಿಳಿಯುವನು. ಆಚಾರ್ಯರೇ ಭಾರವಿಡದ ಕಂಬದ ಮೇಲೆ ಭಕ್ತಿಯನ್ನು ನಿಲ್ಲಿಸುವದು ಅವರ ಅನುಯಾಯಿಗಳಿಗೆ ತಕ್ಕುದಲ್ಲ.